ವಿಲ್, ನಾಮಿನಿ, ಪೌತಿ ಖಾತೆ: ನಿಮ್ಮ ಪ್ರಶ್ನೆಗೆ ವಕೀಲರ ಉತ್ತರ

ಪ್ರಶ್ನೆ: ತೋರಣಗಲ್ಲು ಹತ್ರ ಫ್ಯಾಕ್ಟರಿಯಾಗ ಕೆಲಸ ಮಾಡ್ತೀನಿ ಸರ್, ವಯಸ್ಸು 29, ಒಂದು ಹೆಣ್ಣುಕೂಸು ಐತಿ. ಮದುವೆಗೆ ಮುಂಚೆ ಪಿಎಫ್‌ಗೆ, ಬ್ಯಾಂಕಿಗೆ ಎಲ್ಲದಕ್ಕೂ ಅಣ್ಣನ್ನ ನಾಮಿನಿ ಮಾಡಿದ್ದೆ. ಈ ವಯಸ್ಸಿಗೆ ವಿಲ್ ಗಿಲ್ ಎಲ್ಲಾ ಬೇಕಾ?

ಉತ್ತರ: ಮೊದಲು ಪಿಎಫ್ ನಾಮಿನಿ ಬದಲಿಸು ತಮ್ಮ, ಇವತ್ತೇ, ಆನ್‌ಲೈನ್‌ನಾಗೇ ಇ-ನಾಮಿನೇಶನ್ ಮಾಡಬಹುದು. ಪಿಎಫ್ ನಿಯಮದಾಗ ಅಣ್ಣತಮ್ಮಂದಿರು ಕುಟುಂಬ ಅಂತ ಬರೋದಿಲ್ಲ, ಮದುವೆಯಾದ ಕೂಡ್ಲೆ ಆ ಹೆಸರು ರದ್ದಾದಂಗೇ, ನಾಳೆ ಏನಾದ್ರೂ ಹೆಚ್ಚುಕಡಿಮೆ ಆದ್ರ ನಿನ್ನ ಹೆಂಡ್ತಿ ಕೂಸು ಎತ್ಕೊಂಡು ಆಫೀಸಿಂದ ಆಫೀಸಿಗೆ ಅಡ್ಡಾಡಬೇಕಾಗ್ತೈತಿ. ಬ್ಯಾಂಕಿನ್ಯಾಗ ಅಣ್ಣನ ಹೆಸರು ಇದ್ರೂ ನಡೀತೈತಿ, ಆದ್ರ ಆ ರೊಕ್ಕ ಅಣ್ಣಂದು ಆಗಲ್ಲ. ನಾಮಿನಿ ಅಂದ್ರ ರೊಕ್ಕ ಇಸ್ಕೊಂಡು ವಾರಸುದಾರರಿಗೆ ಮುಟ್ಟಿಸೋನು. 2025ರ ನವೆಂಬರ್ 1ರಿಂದ ಬ್ಯಾಂಕ್ ಡೆಪಾಸಿಟ್‌ಗೆ 4 ಜನರ ತನಕ ನಾಮಿನಿ ಮಾಡಬಹುದು, ಹೆಂಡ್ತಿ ಹೆಸರು ಹಾಕಿಸಿಬಿಡು. ಇನ್ಶೂರೆನ್ಸ್ ಮಾತ್ರ ಬ್ಯಾರೆ, 2015ರ ತಿದ್ದುಪಡಿ ಆದ್ಮೇಲೆ ಹೆಂಡ್ತಿ, ಮಕ್ಕಳು, ಅಪ್ಪ ಅವ್ವ ನಾಮಿನಿ ಆಗಿದ್ರ ಆ ದುಡ್ಡು ಅವರದೇ.

ವಿಲ್ ಬೇಕೇ ಬೇಕು. ಇಲ್ಲಾಂದ್ರ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ನಿನ್ನ ಸ್ವಂತ ದುಡಿಮೆ ಆಸ್ತಿ ಹೆಂಡ್ತಿ, ಮಗಳು, ನಿಮ್ಮವ್ವ ಮೂರು ಜನಕ್ಕ ಸಮಪಾಲು ಆಗ್ತೈತಿ, ಅವರು ಇರೋತನಕ ಅಪ್ಪಗ ಅದರಾಗ ಪಾಲಿಲ್ಲ. ಮಗಳ ಪಾಲಿಗೆ ಬಂದ ಸೈಟ್ ಮಾರಬೇಕಂದ್ರ ಹೆತ್ತ ತಾಯಿನೂ ಕೋರ್ಟ್ ಪರ್ಮಿಷನ್ ತಗೋಬೇಕು, ಅದು ಬೇಗ ಮುಗಿಯೋ ಕೆಲಸ ಅಲ್ಲ. ಟರ್ಮ್ ಇನ್ಶೂರೆನ್ಸ್ ತಗೊಳ್ಳುವಾಗ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ ಅಡಿ ಮಾಡ್ಸಿದ್ರ ನಿನಗ ಸಾಲ ಕೊಟ್ಟೋರು ಆ ರೊಕ್ಕ ಮುಟ್ಟಂಗಿಲ್ಲ, ಇದನ್ನ ಪಾಲಿಸಿ ಮಾಡಿಸೋವಾಗಲೇ ಹೇಳಬೇಕು.

ಪ್ರಶ್ನೆ: ಸಿಂಧನೂರು ತಾಲ್ಲೂಕಿನ್ಯಾಗ 8 ಎಕರೆ ನೀರಾವರಿ ಗದ್ದೆ ಐತಿ. ಅಪ್ಪ ತೀರಿಕೊಂಡು ಭಾಳ ವರ್ಷ ಆತು, ಪಹಣಿ ಇನ್ನೂ ಅಪ್ಪನ ಹೆಸರಿನ್ಯಾಗೇ ಐತಿ. ಅವ್ವ ಅದಾಳ, ನಾವಿಬ್ಬರು ಅಣ್ಣತಮ್ಮ, ಒಬ್ಬಾಕಿ ಅಕ್ಕ. ಅಕ್ಕಗ ಮದುವ್ಯಾಗ ಬಂಗಾರ ಕೊಟ್ಟೀವಿ. ಆಕಿ ಸಹಿ ಬೇಕೇನು?

ಉತ್ತರ: ಬೇಕು. ಮದುವೆ ಖರ್ಚು, ಬಂಗಾರ ಕೊಟ್ರ ಪಾಲು ತೀರಿತು ಅಂತ ಕಾನೂನಿನ್ಯಾಗ ಎಲ್ಲೂ ಇಲ್ಲ, ಆದ್ರ ನಮ್ಮ ಕಡೆ ಹತ್ತು ಮನಿಯಾಗ ಎಂಟು ಮನಿಯವರು ಇದೇ ಮಾತು ಹೇಳ್ತಾರ, ನನಗ ಕೇಳಿ ಕೇಳಿ ಬ್ಯಾಸರ ಆಗೈತಿ.

ಪಹಣಿ ನೋಡೋಕಿಂತ ಮುಂಚೆ ಆ ಹೊಲ ಅಪ್ಪಗ ಹೆಂಗ ಬಂತು ನೋಡ್ರಿ. ಅಪ್ಪ ಸ್ವಂತ ದುಡಿದು ಖರೀದಿ ಮಾಡಿ, ವಿಲ್ ಬರೀದಂಗ ಹೋಗಿದ್ರ ಅವ್ವ, ನೀವಿಬ್ಬರು, ಅಕ್ಕ ನಾಲ್ಕು ಜನಕ್ಕ ಎರಡೆರಡು ಎಕರೆ, ಸೀದಾ ಲೆಕ್ಕ. ಪಿತ್ರಾರ್ಜಿತ ಆಗಿದ್ರ ಮೂರೂ ಮಕ್ಕಳಿಗೆ ಹುಟ್ಟಿದಾಗಿಂದ ಹಕ್ಕು, ಅಪ್ಪನ ಪಾಲಿಗೆ ಬಂದದ್ದಷ್ಟೇ ಮತ್ತ ನಾಲ್ಕು ಜನಕ್ಕ ಹಂಚಿಕೆ ಆಗ್ತೈತಿ. ಹೆಣ್ಣುಮಕ್ಕಳಿಗೂ ಸಮನಾದ ಹಕ್ಕು ಕೊಟ್ಟ 2005ರ ತಿದ್ದುಪಡಿಗಿಂತ ಮುಂಚೆ ಅಪ್ಪ ತೀರಿದ್ರು, ಅಕ್ಕಗ ಹಕ್ಕಿಲ್ಲ ಅಂತ ಯಾರಾದ್ರೂ ಹೇಳಿದ್ರ ನಂಬಬ್ಯಾಡ್ರಿ, 2020ರ ಆಗಸ್ಟ್ 11ಕ್ಕ ಸುಪ್ರೀಂ ಕೋರ್ಟ್ ಇದನ್ನ ಬಗೆಹರಿಸೈತಿ, ಅಪ್ಪ ಅವಾಗ ಬದುಕಿರಬೇಕು ಅಂತೇನಿಲ್ಲ. 2004ರ ಡಿಸೆಂಬರ್ 20ಕ್ಕಿಂತ ಮುಂಚೆನೇ ರಿಜಿಸ್ಟರ್ ಪಾಲುಪತ್ರ ಆಗಿದ್ರ ಅದನ್ನ ಮಾತ್ರ ಈಗ ಕೆದಕಾಕ ಬರಲ್ಲ.

ಈಗ ಮಾಡಬೇಕಾದ್ದು ಪೌತಿ ಖಾತೆ, ಅಂದ್ರ ತೀರಿಕೊಂಡವರ ಹೆಸರಿನ ಖಾತೆ ವಾರಸುದಾರರ ಹೆಸರಿಗೆ ಮಾಡ್ಸೋದು. ಅಪ್ಪನ ಮರಣ ಪ್ರಮಾಣಪತ್ರ, ವಂಶಾವಳಿ, ಎಲ್ಲರ ಆಧಾರ್, ಪಹಣಿ ತಗೊಂಡು ನಾಡಕಚೇರಿಗೆ ಅರ್ಜಿ ಹಾಕ್ರಿ, ನಾಲ್ಕು ಜನದ ಹೆಸರೂ ಜಂಟಿಯಾಗಿ ಬರ್ಲಿ. ಕೆಲವರು ವಂಶಾವಳಿಯಾಗ ಹೆಣ್ಣುಮಕ್ಕಳ ಹೆಸರೇ ಬಿಡ್ತಾರ, ಅಫಿಡವಿಟ್ ಕೊಟ್ಟು ಸುಳ್ಳು ಹೇಳಿದಂಗ ಅದು, ನಾಳೆ ಆಕಿ ಮಕ್ಕಳು ದಾವೆ ಹಾಕಿದ್ರ ಖಾತೆ, ಅದರ ಮ್ಯಾಲಿನ ಸಾಲ, ಮಾರಾಟ ಎಲ್ಲಾ ಅಲುಗಾಡ್ತಾವ. ಸತ್ತವರ ಹೆಸರಿನ್ಯಾಗ ಪಹಣಿ ಇದ್ರ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ನಂಬರ್) ನಿಮ್ಮದಾಗಲ್ಲ, ಬೆಳೆ ಪರಿಹಾರ, ಬೆಳೆಸಾಲ ಎಲ್ಲಾದಕ್ಕೂ ತೊಡಕು, ಇದು ನಿಮಗ ಗೊತ್ತಿದ್ದದ್ದೇ. ಜಂಟಿ ಖಾತೆ ಆದ್ಮ್ಯಾಲೆ ಸರ್ವೇಯರ್ ಕಡೆಯಿಂದ ಯಾರ ಭಾಗ ಎಲ್ಲಿ ಅಂತ ತೋರಿಸೋ 11ಇ ನಕ್ಷೆ ಮಾಡ್ಸಿ, ಪಾಲುಪತ್ರ ರಿಜಿಸ್ಟರ್ ಮಾಡ್ಸಿ ಬ್ಯಾರೆ ಬ್ಯಾರೆ ಮಾಡ್ಕೋರಿ.

ಅಕ್ಕ ಮನಸಾರೆ ಬ್ಯಾಡ ಅಂದ್ರ ರಿಜಿಸ್ಟರ್ ಹಕ್ಕು ಬಿಡುಗಡೆ ಪತ್ರ ಮಾಡಿಸ್ರಿ, ಬಾಯಿಮಾತು ನಡಿಯಲ್ಲ. ಆದ್ರ ಪಂಚಮಿಗೆ ತವರಿಗೆ ಬಂದಾಗ ಕರ್ಕೊಂಡು ಹೋಗಿ ಏನೈತಿ ಅಂತ ಓದಿ ಹೇಳದಂಗ ಹೆಬ್ಬಟ್ಟು ಒತ್ತಿಸಬ್ಯಾಡ್ರಿ ದಯವಿಟ್ಟು. ಆಕಿಗೆ ಏನು ಬಿಟ್ಟುಕೊಡ್ತಿದೀನಿ ಅಂತ ತಿಳಿದಿರಬೇಕು, ಎರಡು ಎಕರೆ ನೀರಾವರಿ ಗದ್ದೆ ಅಂದ್ರ ಸಣ್ಣ ಆಸ್ತಿ ಅಲ್ಲ. ಅವ್ವನ ಪಾಲಿಗೂ ಅವ್ವ ಈಗಲೇ ವಿಲ್ ಬರದಿಟ್ರ ಮುಂದ ಇದೇ ಜಗಳ ಮತ್ತ ಬರಲ್ಲ.

ಪ್ರಶ್ನೆ: ರಾಯಚೂರಿಂದ, ನಾವು ಮುಸ್ಲಿಮರು, ಪೂರ್ತಿ ಮನಿ ಸಣ್ಣ ಮಗನ ಹೆಸರಿಗೆ ವಿಲ್ ಬರೀಬಹುದಾ?

ಉತ್ತರ: ಆಗಲ್ಲ. ಸಾಲ, ದಫನ್ ಖರ್ಚು ಕಳೆದು ಉಳಿದದ್ದರಾಗ ಮೂರನೇ ಒಂದು ಭಾಗಕ್ಕಷ್ಟೇ ವಸಿಯತ್ ಬರೀಬಹುದು. ಸುನ್ನಿ ಆಗಿದ್ರ ವಾರಸುದಾರ ಮಗನಿಗೆ ಅಷ್ಟೂ ಬರೀಬೇಕಂದ್ರ ನಿಮ್ಮ ನಂತರ ಉಳಿದ ವಾರಸುದಾರರು ಒಪ್ಪಬೇಕು. ಬದುಕಿದ್ದಾಗಲೇ ಹಿಬಾ (ದಾನ) ಕೊಡಬಹುದು, ಸ್ವಾಧೀನಾನೂ ಬಿಟ್ಟುಕೊಡಬೇಕು.

ಪ್ರಶ್ನೆ: ಕೊಪ್ಪಳ, ನಿವೃತ್ತ ಶಿಕ್ಷಕ, ವಯಸ್ಸು 68. ಸ್ವಂತ ಗಳಿಕೆಯ ಮನಿ ಐತಿ. ಮಗ ಈಗಲೇ ಗಿಫ್ಟ್ ಡೀಡ್ ಮಾಡಿಕೊಡು ಅಂತಾನ, ಏನು ಮಾಡ್ಲಿ?

ಉತ್ತರ: ಬ್ಯಾಡ ಗುರುಗಳೇ. ದಾನಪತ್ರ ಒಮ್ಮೆ ರಿಜಿಸ್ಟರ್ ಆದ್ರ ಸುಮ್ಮನೆ ವಾಪಸ್ ತಗೊಳ್ಳಾಕ ಬರಲ್ಲ, ವಿಲ್ ಆದ್ರ ಕಡೀತನಕ ನಿಮ್ಮ ಕೈಯಾಗೇ ಇರ್ತೈತಿ, ಎಷ್ಟು ಸಲ ಬೇಕಾದ್ರೂ ಬದಲಿಸಬಹುದು, ಕೊನೀದು ಊರ್ಜಿತ. ಕೊಡಲೇಬೇಕು ಅನ್ನೋ ಪರಿಸ್ಥಿತಿ ಬಂದ್ರ, ನಮ್ಮಿಬ್ಬರನ್ನ ನೋಡ್ಕೋಬೇಕು, ಬದುಕಿರೋತನಕ ಇದೇ ಮನಿಯಾಗ ಇರ್ತೀವಿ ಅನ್ನೋ ಷರತ್ತು ಪತ್ರದಾಗೇ ಬರಸ್ರಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಮಗ ನೋಡ್ಕೊಳ್ಳಲಿಲ್ಲ ಅಂದ್ರ ಎಸಿ ಸಾಹೇಬರ (ಉಪವಿಭಾಗಾಧಿಕಾರಿ) ಮುಂದ ಅರ್ಜಿ ಹಾಕಿ ಅದನ್ನ ರದ್ದು ಮಾಡಿಸಬಹುದು, ಷರತ್ತು ಬರೆದಿದ್ರ ಕೇಸು ಗಟ್ಟಿ.

ವಿಲ್‌ಗೆ ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳಿ ಸಾಕು. ಇಬ್ಬರು ಸಾಕ್ಷಿ ಕಣ್ಣೆದುರಿಗೆ ನೀವು ಸಹಿ ಮಾಡ್ರಿ, ಆಮ್ಯಾಲೆ ಅವರು ನಿಮ್ಮೆದುರಿಗೆ ಮಾಡ್ಲಿ, ಆಸ್ತಿ ಸಿಗೋರು ಸಾಕ್ಷಿ ಆಗೋದು ಬ್ಯಾಡ, ನಿಮಗಿಂತ ವಯಸ್ಸಿನಾಗ ಸಣ್ಣೋರು ಇದ್ರ ಚಲೋ, ಯಾಕಂದ್ರ ಮುಂದ ಕೋರ್ಟಿನ್ಯಾಗ ಹೇಳಾಕ ಅವರು ಇರಬೇಕಲ್ಲ. ರಿಜಿಸ್ಟರ್ ಕಡ್ಡಾಯ ಅಲ್ಲ, ಆದ್ರೂ ಸಬ್ ರಿಜಿಸ್ಟ್ರಾರ್ ಆಫೀಸಿನ್ಯಾಗ ಮಾಡಿಸ್ರಿ, ಅವತ್ತೇ ಡಾಕ್ಟರ್ ಕಡೆಯಿಂದ ಬುದ್ಧಿ ಸ್ವಾಧೀನದಾಗೈತಿ ಅಂತ ಒಂದು ಸರ್ಟಿಫಿಕೇಟ್ ಇಸ್ಕೊಳ್ರಿ. ಒರಿಜಿನಲ್ ಎಲ್ಲೈತಿ ಅಂತ ಮನಿಯಾಕಿಗೂ ಒಬ್ಬ ಸಾಕ್ಷಿಗೂ ಹೇಳಿಡ್ರಿ. ಬರೀ ನಿಮ್ಮ ಹೆಸರಿನ ಲಾಕರ್‌ನಾಗ ಮಾತ್ರ ಇಡಬ್ಯಾಡ್ರಿ, ನಿಮ್ಮ ನಂತರ ಆ ಲಾಕರ್ ತಗಸಾಕನೇ ಮನಿಯವರು ಬ್ಯಾಂಕಿಗೆ ಅಲೀಬೇಕಾಗ್ತೈತಿ.