ಹೊಸ ತೊಟ್ಟಿ, ಹಳೆಯ ಮೀನು

ಪ್ರಶ್ನೆ: ಎರಡು ವರ್ಷಗಳಿಂದ ಚಿಕ್ಕ ತೊಟ್ಟಿಯಲ್ಲಿರುವ ನಮ್ಮ ಗೋಲ್ಡ್‌ಫಿಶ್‌ಗಾಗಿ 80 ಲೀಟರಿನ ಅಕ್ವೇರಿಯಂ ತಂದಿದ್ದೇವೆ. ಕೊಳಾಯಿ ನೀರು ತುಂಬಿಸಿ ಒಂದು ದಿನ ಬಿಟ್ಟು ಮೀನನ್ನು ಬಿಡಬಹುದೇ?

ಉತ್ತರ: ಒಂದು ದಿನ ಬಿಟ್ಟರೆ ನೀರಿನಲ್ಲಿರುವ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ, ಆದರೆ ಕ್ಲೋರಮೀನ್ (ಕ್ಲೋರಿನ್‌ಗೆ ಅಮೋನಿಯಾ ಸೇರಿದ ಸೋಂಕುನಿವಾರಕ) ಇದ್ದರೆ ಅದು ಹಾಗೆ ಹೋಗುವುದಿಲ್ಲವಾದ್ದರಿಂದ ಕ್ಲೋರಿನ್‌ನಿವಾರಕ ದ್ರಾವಣವನ್ನು ಬಳಸುವುದೇ ಕ್ಷೇಮ. ನಿಜವಾದ ತೊಡಕು ಬೇರೆಯೇ ಇದೆ. ಮೀನು ತನ್ನ ಕಿವಿರುಗಳ ಮೂಲಕ ತನಗೇ ವಿಷವಾಗುವ ಅಮೋನಿಯಾವನ್ನು ಸದಾ ಹೊರಹಾಕುತ್ತಿರುತ್ತದೆ. ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಪರಿವರ್ತಿಸುವ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಹಿಡಿಯುತ್ತವೆ.

ಕಾಯುವಷ್ಟು ವ್ಯವಧಾನವಿಲ್ಲದಿದ್ದರೆ, ಹಳೆಯ ತೊಟ್ಟಿಯ ಫಿಲ್ಟರಿನ ಸ್ಪಂಜನ್ನು ಕೊಳಾಯಿ ನೀರಿನಲ್ಲಿ ತೊಳೆಯದೆ, ಒಣಗಲೂ ಬಿಡದೆ, ಹೊಸ ಫಿಲ್ಟರಿಗೆ ಸೇರಿಸಿರಿ. ಈ ಬ್ಯಾಕ್ಟೀರಿಯಾಗಳು ನೀರಿಗಿಂತ ಹೆಚ್ಚಾಗಿ ಅಲ್ಲಿಯೇ ಮನೆಮಾಡಿಕೊಂಡಿರುತ್ತವೆ. ಆ ಕೊಳಕು ಸ್ಪಂಜು ಹೊಸ ಗಾಜಿನ ಅಂದವನ್ನು ಕೆಡಿಸಿದರೂ ಚಿಂತೆಯಿಲ್ಲ. ಮೀನಿರುವ ಚೀಲವನ್ನು 20 ನಿಮಿಷ ತೇಲಿಬಿಟ್ಟು, ಹೊಸ ನೀರನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿದ ನಂತರ ಬಿಡಿರಿ.

ಮೊದಲ ವಾರಗಳಲ್ಲಿ ಆಹಾರವನ್ನು ಅರ್ಧಕ್ಕಿಳಿಸಿ, ಪರೀಕ್ಷಾ ಕಿಟ್‌ನಿಂದ ದಿನವೂ ಅಮೋನಿಯಾ ಮತ್ತು ನೈಟ್ರೈಟ್ ಅಳೆದು, ಯಾವುದಾದರೂ ಕಾಣಿಸಿಕೊಂಡ ಕೂಡಲೇ ಕಾಲುಭಾಗ ನೀರನ್ನು ಬದಲಿಸಿರಿ. ನಿಮ್ಮದು ಕ್ಷಾರೀಯ ಬೋರ್‌ವೆಲ್ ನೀರಾಗಿದ್ದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) ಏರಿದಂತೆ ಅಮೋನಿಯಾದ ವಿಷವೂ ಏರುತ್ತದೆ.