ಬಲ್ಬು ಸಿಗದ ದೊಡ್ಡ ಅಂಗಡಿ

ಪ್ರಿಯ ಓದುಗರೇ,

ದೊಡ್ಡ ದಿನಸಿ ಸ್ಟೋರ್‌ಗಳಲ್ಲಿ ಪಾತ್ರೆ, ಬಟ್ಟೆ, ಆಟಿಕೆ, ಎಲೆಕ್ಟ್ರಿಕ್ ಸಾಮಾನಿನ ವಿಭಾಗಗಳು ಕರಗುತ್ತಿವೆ ಎಂಬ ನಮ್ಮ ಲೇಖನ ಓದಿ ಪತ್ರ ಬರೆದಿದ್ದೀರಿ. ಎಲ್ಲವೂ ಆನ್‌ಲೈನ್‌ನಲ್ಲಿ ಸಿಗುತ್ತದೆ, ದಿನಸಿ ಅಂಗಡಿ ದಿನಸಿ ಮಾರಿದರೆ ಸಾಕು, ಆ ಜಾಗಕ್ಕೆ ಇನ್ನಷ್ಟು ತರಕಾರಿ ಬರಲಿ ಎನ್ನುತ್ತೀರಿ. ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಈ ಅಂಗಡಿಗಳು ಹುಟ್ಟಿದ್ದೇ ದಿನಸಿ, ಇತರ ಸಾಮಾನು ಎರಡನ್ನೂ ಜೊತೆಗೆ ಮಾರಲು. 1962ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಮೈಯರ್ ಕಂಪನಿ 'ಥ್ರಿಫ್ಟಿ ಏಕರ್ಸ್' ತೆರೆಯಿತು. ಮರುವರ್ಷ ಪ್ಯಾರಿಸ್ ಹತ್ತಿರ ಫ್ರಾನ್ಸಿನ ಕಾರ್‌ಫೂರ್ ಕಂಪನಿ 2,500 ಚದರ ಮೀಟರಿನ ಹೈಪರ್‌ಮಾರ್ಕೆಟ್, ಅಂದರೆ ದಿನಸಿಯ ಜೊತೆ ಎಲ್ಲ ಸಾಮಾನೂ ಸಿಗುವ ದೊಡ್ಡ ಅಂಗಡಿ, ತೆರೆಯಿತು. ಅಮೆರಿಕದ ವಾಲ್‌ಮಾರ್ಟ್‌ನ ಇಂಥದ್ದೇ ಮೊದಲ ಅಂಗಡಿ, 'ಸೂಪರ್‌ಸೆಂಟರ್', ಬಂದದ್ದು 1988ರಲ್ಲಿ. ಎಲ್ಲರ ಲೆಕ್ಕವೂ ಒಂದೇ. ದಿನಸಿಯಲ್ಲಿ ಲಾಭ ಕಡಿಮೆ, ಆದರೆ ಜನ ವಾರವಾರ ಬರುತ್ತಾರೆ. ಬಾಣಲೆ, ಹೊದಿಕೆಯಲ್ಲಿ ಲಾಭ ಜಾಸ್ತಿ, ಆದರೆ ಅದಕ್ಕಾಗಿ ಯಾರೂ ವಾರವಾರ ಬರುವುದಿಲ್ಲ. ಹಾಲಿಗೆ ಬಂದವರು ಬಾಣಲೆಯನ್ನೂ ಒಯ್ದರೆ ಆ ಲಾಭದಲ್ಲಿ ಹಾಲಿನ ಬೆಲೆ ಇಳಿಸಬಹುದಿತ್ತು. ಒಂದು ಎತ್ತು ಬಿಚ್ಚಿದರೆ ಗಾಡಿಯ ಭಾರವೆಲ್ಲ ಇನ್ನೊಂದರ ಹೆಗಲಿಗೇ ಬೀಳುತ್ತದೆ, ಅಲ್ವಾ?

ಆನ್‌ಲೈನ್ ಪೆಟ್ಟು ಕೊಟ್ಟದ್ದು ನಿಜ. ಮೊಬೈಲ್ ಫೋನಂತೂ ಕ್ಯಾಮೆರಾ, ಫೋಟೋ ತೊಳೆಯುವ ಕೌಂಟರ್, ಸಿಡಿ, ಅಲಾರಂ ಗಡಿಯಾರ ಎಲ್ಲವನ್ನೂ ನುಂಗಿತು. ಆ ಶೆಲ್ಫುಗಳು ಹೋಗಲೇಬೇಕಿತ್ತು. ಆದರೆ ಆನ್‌ಲೈನ್ ಅಂದ ಮಾತ್ರಕ್ಕೆ ಲಾಭ ಬರುವುದಿಲ್ಲ. ಬ್ರಿಟನ್ನಿನ ದಿನಸಿ ಕಂಪನಿ ಟೆಸ್ಕೊ, ಇತರ ಸಾಮಾನು ಮಾರಲೆಂದೇ ನಡೆಸುತ್ತಿದ್ದ 'ಟೆಸ್ಕೊ ಡೈರೆಕ್ಟ್' ಜಾಲತಾಣವನ್ನು 2018ರಲ್ಲಿ ಮುಚ್ಚಿತು. ಅದನ್ನು ಲಾಭಕ್ಕೆ ತರುವ ದಾರಿ ಕಾಣಲಿಲ್ಲ ಎಂದು ಕಂಪನಿಯೇ ಹೇಳಿತು.

ಹಾಗಾದರೆ ಒಂದು ವಿಭಾಗ ಸಾಯುವುದು ಹೇಗೆ? ಮೊದಲು ಅಲ್ಲಿನ ಮನುಷ್ಯ ಹೋಗುತ್ತಾನೆ. ಹೋಲ್ಡರ್ ಪಿನ್ನಿನದೋ ತಿರುಪಿನದೋ ಅಂತ ಕೇಳಿ ಸರಿಯಾದ ಬಲ್ಬು ತೆಗೆದುಕೊಡುತ್ತಿದ್ದವರನ್ನು ಬಿಲ್ಲಿಂಗ್ ಕೌಂಟರಿಗೆ ಕಳಿಸುತ್ತಾರೆ. ಆಮೇಲೆ ಆಯ್ಕೆ ಕುಗ್ಗುತ್ತದೆ. ನಿಧಾನಕ್ಕೆ ಖರ್ಚಾಗುವ ಅಳತೆಗಳನ್ನು ತರಿಸುವುದೇ ಇಲ್ಲ. ಕೊಕ್ಕೆಗಳ ಹತ್ತಿರ ಹೋಗಿ ನೋಡಿ: ಒಂದೊಂದರ ತುದಿಗೆ ಒಂದೇ ಪ್ಯಾಕೆಟ್ಟು, ಹಿಂದೆ ಖಾಲಿ ಕಂಬಿ. ದೂರದಿಂದ ತುಂಬಿದಂತೆ ಕಾಣಲಿ ಅಂತ ಮುಂದಕ್ಕೆ ಎಳೆದಿರುತ್ತಾರೆ. ಬೇಕಾದ ಅಳತೆ ಎರಡು ಸಲ ಸಿಗದಿದ್ದರೆ ಮೂರನೇ ಸಲ ಯಾರೂ ಆ ಸಾಲಿಗೆ ಹೋಗುವುದಿಲ್ಲ. ಆಗ ಕಂಪ್ಯೂಟರ್ ವರದಿಯಲ್ಲಿ 'ಬೇಡಿಕೆ ಇಲ್ಲ' ಎಂದು ಬರುತ್ತದೆ. ಉಳಿದದ್ದನ್ನು ಅರ್ಧ ಬೆಲೆಗೆ ತೀರಿಸಿ ಅಲ್ಲಿ ತಂಪು ಪಾನೀಯದ ಪೆಟ್ಟಿಗೆ ಪೇರಿಸುತ್ತಾರೆ. ಬೇಡಿಕೆ ಇರಲಿಲ್ಲ ಎನ್ನುವುದು ನನಗೆ ಅನ್ಯಾಯದ ಮಾತು ಅನ್ನಿಸುತ್ತದೆ. ಬೇಡಿಕೆಯನ್ನು ಅವರೇ ಓಡಿಸಿದರು.

ಜನ ಕೊಳ್ಳುತ್ತಾರೆ ಎನ್ನುವುದಕ್ಕೆ ಜರ್ಮನಿಯ ಅಗ್ಗದ ದಿನಸಿ ಕಂಪನಿಗಳಾದ ಆಲ್ಡಿ, ಲಿಡ್ಲ್ ಸಾಕ್ಷಿ. ಅವರ ಅಂಗಡಿಗಳ ನಡುಸಾಲಿನಲ್ಲಿ ಈ ವಾರ ಡ್ರಿಲ್, ಮುಂದಿನ ವಾರ ಟೆಂಟು. ಖಾಲಿಯಾದರೆ ಮುಗಿಯಿತು. ಸ್ಟಾಕ್ ಕೊಳೆಯುವ ಭಯವಿಲ್ಲ, ಹಾಗಾಗಿ ಅವರಿಗೆ ಅದು ಗಿಟ್ಟುತ್ತದೆ. ಆದರೆ ಅಲ್ಲಿ ಸಿಗುವುದು ಅವರು ತಂದದ್ದು, ನಮಗೆ ಇವತ್ತು ಬೇಕಾದದ್ದಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಸಂಜೆ ಬಚ್ಚಲುಮನೆಯ ಬಲ್ಬು ಹೋದರೆ ನಾಳಿದ್ದು ಬರುವ ಪಾರ್ಸೆಲ್ ಕಟ್ಟಿಕೊಂಡು ಏನು ಮಾಡುವುದು? ಕಾರ್ಡ್ ಇಲ್ಲದವರು, ಫೋನಿನಲ್ಲಿ ಆರ್ಡರ್ ಮಾಡಲು ಬಾರದ ಹಿರಿಯರು, ಹೊದಿಕೆಯನ್ನು ಮುಟ್ಟಿ ನೋಡಿಯೇ ಕೊಳ್ಳುವವರು ಎಲ್ಲಿಗೆ ಹೋಗಬೇಕು? ಈ ದೊಡ್ಡ ಅಂಗಡಿಗಳು ಬಂದಾಗ ಸುತ್ತಲಿನ ಹಾರ್ಡ್‌ವೇರ್ ಅಂಗಡಿ, ಪಾತ್ರೆ ಅಂಗಡಿ ಎಷ್ಟೋ ಕಡೆ ಮುಚ್ಚಿದವು. ಈಗ ಇವರೂ ಅದನ್ನು ಮಾರುವುದಿಲ್ಲ ಎಂದರೆ, ಹಳೆಯ ಅಂಗಡಿ ಸುಮ್ನೆ ವಾಪಸ್ ಬರುವುದಿಲ್ಲ.

ಇನ್ನು ನಿಮ್ಮ ತರಕಾರಿಯ ಆಸೆ. ಖಾಲಿಯಾದ ಜಾಗ ಹೆಚ್ಚಾಗಿ ಆನ್‌ಲೈನ್ ಆರ್ಡರ್‌ಗಳನ್ನು ಕಟ್ಟಿಡಲು ಇಲ್ಲವೇ ಬಾಡಿಗೆದಾರರಿಗೆ ಹೋಗುತ್ತಿದೆ. ಬ್ರಿಟನ್ನಿನ ಇನ್ನೊಂದು ದಿನಸಿ ಕಂಪನಿ ಸೇನ್ಸ್‌ಬರೀಸ್ 2016ರಲ್ಲಿ, ಆರ್ಡರ್ ಮಾಡಿದ ಸಾಮಾನನ್ನು ಕೌಂಟರಿನಲ್ಲಿ ಕೊಡುವ ಆರ್ಗೋಸ್ ಕಂಪನಿಯನ್ನು ಕೊಂಡು ಅದರ ಕೌಂಟರುಗಳನ್ನು ತನ್ನ ಸ್ಟೋರುಗಳೊಳಗೇ ಇಟ್ಟಿತು. ಶೆಲ್ಫಿನಲ್ಲಿ ಕೈಗೆ ಸಿಗದಿದ್ದರೂ ಸಾಮಾನು ಅದೇ ಸೂರಿನಡಿ ಸಿಗುವಂತಾಯಿತು. ಅಷ್ಟಾದರೂ ಮಾಡಿ ಎಂದು ನಾವು ಗ್ರಾಹಕರು ಕೇಳಬಹುದು. ನೀವೂ ಕೇಳಿ.

– ಸಂಪಾದಕ