ಜೇಮ್ಸನ್, ಬ್ಲ್ಯಾಕ್ ಬುಶ್, ರೆಡ್‌ಬ್ರೆಸ್ಟ್: ಮೂರೂ ಒಂದೇ ಅನ್ನಿಸಿದರೆ ಹೋಲಿಸುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಜೇಮ್ಸನ್, ಬುಶ್‌ಮಿಲ್ಸ್ ಬ್ಲ್ಯಾಕ್ ಬುಶ್, ರೆಡ್‌ಬ್ರೆಸ್ಟ್ 12, ಮೂರೂ ಐರಿಶ್ ವಿಸ್ಕಿ ಮನೆಯಲ್ಲಿವೆ. ‘ಸ್ಮೂತ್’ ಅನ್ನುವುದು ಬಿಟ್ಟರೆ ಇನ್ನೇನೂ ಹೊಳೆಯುತ್ತಿಲ್ಲ, ಬೆಲೆಯಲ್ಲಿ ಮಾತ್ರ ಅಜಗಜಾಂತರ. ವ್ಯತ್ಯಾಸ ಹಿಡಿಯುವುದು ಹೇಗೆ?

ಮೊದಲು ಆ ‘ಸ್ಮೂತ್’ ಅನ್ನು ಬದಿಗಿಡಿ. ಮೂರನ್ನೂ ಮೂರು ಸಲ ಬಟ್ಟಿ ಇಳಿಸಿದ್ದಾರೆ, ಮೂರಕ್ಕೂ ಪೀಟ್ (ಜೌಗು ನೆಲದ ಸಸ್ಯಮಣ್ಣು) ಉರಿಸಿದ ಹೊಗೆ ತಾಗಿಲ್ಲ, ಮೂರೂ 40% ಆಲ್ಕೋಹಾಲಿನವು. ನಯವಾಗಿರುವುದು ಅದಕ್ಕೇ. ಮೂರಕ್ಕೂ ಸಮಾನವಾದ ಗುಣದಲ್ಲಿ ವ್ಯತ್ಯಾಸ ಹುಡುಕಿದರೆ ಸಿಗುವುದಾದರೂ ಹೇಗೆ? ಹುಡುಕಬೇಕಾದದ್ದು ಧಾನ್ಯದಲ್ಲಿ ಮತ್ತು ಪೀಪಾಯಿಯಲ್ಲಿ.

ಆ ದೃಷ್ಟಿಯಿಂದ ನಿಮ್ಮ ಕಪಾಟಿನ ಮೂರು ಬಾಟಲಿಗಳು ಅದೃಷ್ಟದ ಆಯ್ಕೆ. ಜೇಮ್ಸನ್ ಅಂದರೆ ಪಾಟ್ ಸ್ಟಿಲ್ ವಿಸ್ಕಿ (ಮೊಳಕೆ ಬರಿಸಿದ, ಬರಿಸದ ಬಾರ್ಲಿ ಬೆರೆಸಿ ಹಂಡೆಯಲ್ಲಿ ಬಟ್ಟಿ ಇಳಿಸಿದ್ದು) ಮತ್ತು ಗ್ರೇನ್ ವಿಸ್ಕಿಯ (ಮುಖ್ಯವಾಗಿ ಮೆಕ್ಕೆಜೋಳದ್ದು) ಮಿಶ್ರಣ. ಬ್ಲ್ಯಾಕ್ ಬುಶ್ ಅಂದರೆ ಮಾಲ್ಟ್ (ಪೂರ್ತಿ ಮೊಳಕೆ ಬರಿಸಿದ ಬಾರ್ಲಿಯ ವಿಸ್ಕಿ) ಮತ್ತು ಗ್ರೇನ್ ಮಿಶ್ರಣ. ಮಾಲ್ಟಿನ ಪಾಲು ಹೆಚ್ಚು, ಆ ಮಾಲ್ಟಿಗೆ ಓಲೊರೊಸೊ ಶೆರ್ರಿ (ಸ್ಪೇನಿನ ಒಂದು ಗಾಢ ವೈನ್) ತುಂಬಿದ್ದ ಪೀಪಾಯಿಯ ಸಂಗ. ರೆಡ್‌ಬ್ರೆಸ್ಟ್ 12 ಪೂರ್ತಿ ಪಾಟ್ ಸ್ಟಿಲ್, ಬರ್ಬನ್ (ಅಮೆರಿಕದ ವಿಸ್ಕಿ) ಮತ್ತು ಶೆರ್ರಿ ಪೀಪಾಯಿಗಳಲ್ಲಿ ಕನಿಷ್ಠ 12 ವರ್ಷ ಮಾಗಿದ್ದು. ಈಗ ಜೋಡಿ ಮಾಡಿ ನೋಡಿ. ಜೇಮ್ಸನ್–ರೆಡ್‌ಬ್ರೆಸ್ಟ್ ನಡುವೆ ಸಮಾನವಾದದ್ದು ಪಾಟ್ ಸ್ಟಿಲ್. ಬ್ಲ್ಯಾಕ್ ಬುಶ್–ರೆಡ್‌ಬ್ರೆಸ್ಟ್ ನಡುವೆ ಶೆರ್ರಿ. ಜೇಮ್ಸನ್–ಬ್ಲ್ಯಾಕ್ ಬುಶ್ ನಡುವೆ ಗ್ರೇನ್. (ಜೇಮ್ಸನ್‌ನಲ್ಲೂ ಸ್ವಲ್ಪ ಶೆರ್ರಿ ಪೀಪಾಯಿಯ ವಿಸ್ಕಿ ಇರುತ್ತದೆ, ಆದರೆ ಮುಂದೆ ನಿಲ್ಲುವಷ್ಟಲ್ಲ.) ಎರಡೆರಡಾಗಿ ಸವಿದು ‘ಇಬ್ಬರಲ್ಲೂ ಇರುವುದೇನು, ಒಬ್ಬರಲ್ಲಿ ಮಾತ್ರ ಇರುವುದೇನು’ ಎಂದು ಕೇಳಿಕೊಂಡರೆ ಮೂರೂ ಅಂಶಗಳು ಬಿಡಿಬಿಡಿಯಾಗಿ ಕೈಗೆ ಸಿಗುತ್ತವೆ.

ಪಾಟ್ ಸ್ಟಿಲ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಐರ್ಲೆಂಡಿನ ನಿಜವಾದ ಸ್ವಂತಿಕೆ ಇರುವುದು ಅಲ್ಲಿ. ಸ್ಕಾಟ್ಲೆಂಡಿನ ಸಿಂಗಲ್ ಮಾಲ್ಟ್ ಪೂರ್ತಿ ಮೊಳಕೆ ಬರಿಸಿದ ಬಾರ್ಲಿಯಿಂದ ಆಗುತ್ತದೆ. ಐರಿಶ್ ಪಾಟ್ ಸ್ಟಿಲ್‌ನಲ್ಲಿ ಮೊಳಕೆ ಬರಿಸದ ಹಸಿ ಬಾರ್ಲಿಯನ್ನೂ ಬೆರೆಸುತ್ತಾರೆ. 2014ರ ತಾಂತ್ರಿಕ ನಿಯಮಾವಳಿಯ ಪ್ರಕಾರ ಮೊಳಕೆಯ ಬಾರ್ಲಿ ಕನಿಷ್ಠ 30%, ಹಸಿ ಬಾರ್ಲಿ ಕನಿಷ್ಠ 30% ಇರಬೇಕು. ಮೊಳಕೆ ಬರಿಸಿದ ಬಾರ್ಲಿಗೆ 1785ರಲ್ಲಿ ಬಿದ್ದ ತೆರಿಗೆ ಈ ಪದ್ಧತಿಯನ್ನು ಬೆಳೆಸಿತು: ತೆರಿಗೆ ಮಾಲ್ಟಿಗೆ ಮಾತ್ರ, ಹಾಗಾಗಿ ಹಸಿ ಬಾರ್ಲಿ ಹೆಚ್ಚು ಸುರಿದರು. ಉಳಿಸಲು ಹೊರಟದ್ದು ದುಡ್ಡು, ಸಿಕ್ಕಿದ್ದು ಹೊಸ ರುಚಿ. ಹಸಿ ಬಾರ್ಲಿಯಿಂದ ಬರುವುದು ಎರಡು: ನಾಲಿಗೆಯ ಮೇಲೆ ಕೆನೆಗಟ್ಟಿದಂಥ, ತುಸು ಎಣ್ಣೆಯಂಥ ಜಿಡ್ಡು, ಮತ್ತು ಶುಂಠಿ, ಲವಂಗ, ಕಾಳುಮೆಣಸಿನ ಖಾರ. ಆಲ್ಕೋಹಾಲಿನ ಉರಿಗೂ ಈ ಖಾರಕ್ಕೂ ಗೊಂದಲ ಮಾಡಿಕೊಳ್ಳುವವರೇ ಹೆಚ್ಚು. ಉರಿ ಬಾಯಿಗೆ ಹಾಕಿದ ತಕ್ಷಣ ತುಟಿ ಮತ್ತು ನಾಲಿಗೆಯ ತುದಿಯಲ್ಲಿ ಏಳುತ್ತದೆ, ಬೇಗ ಇಳಿಯುತ್ತದೆ. ಪಾಟ್ ಸ್ಟಿಲ್ ಖಾರ ಎರಡು ಮೂರು ಸೆಕೆಂಡು ತಡವಾಗಿ ನಾಲಿಗೆಯ ನಡುವಿನಿಂದ ಹರಡುತ್ತದೆ, ನುಂಗಿದ ಮೇಲೂ ಉಳಿಯುತ್ತದೆ.

ಗ್ರೇನ್ ವಿಸ್ಕಿ ಕಾಲಮ್ ಸ್ಟಿಲ್‌ನಲ್ಲಿ, ಅಂದರೆ ಎತ್ತರದ ಕಂಬದಂಥ ಬಟ್ಟಿ ಯಂತ್ರದಲ್ಲಿ ತೆಗೆದದ್ದು. ಹಗುರ, ಸಿಹಿ, ವೆನಿಲ್ಲಾ. ಆ ಕಾಲಮ್ ಸ್ಟಿಲ್‌ಗೆ 1830ರಲ್ಲಿ ಪೇಟೆಂಟ್ ಪಡೆದ ಈನಿಯಸ್ ಕಾಫಿ ಡಬ್ಲಿನ್ನಿನ ಅಬಕಾರಿ ಅಧಿಕಾರಿಯಾಗಿದ್ದವನು. ಡಬ್ಲಿನ್ನಿನ ದೊಡ್ಡ ಬಟ್ಟಿಗಳು ಅವನ ಯಂತ್ರವನ್ನು ಮೂಗು ಮುರಿದು ದೂರವಿಟ್ಟವು, ಸ್ಕಾಟ್ಲೆಂಡಿನವರು ಅಪ್ಪಿಕೊಂಡು ಬೆಳೆದರು.

ಇನ್ನು ಸಿದ್ಧತೆ. ಬಾಯಿ ಕಿರಿದಾದ, ಹೊಟ್ಟೆ ಅಗಲವಾದ ಗ್ಲಾಸು ಬೇಕು. ವಿಸ್ಕಿ ಸವಿಯಲೆಂದೇ ಮಾಡಿದ ಗ್ಲೆನ್‌ಕೇರ್ನ್ ಗ್ಲಾಸು ಇದ್ದರೆ ಸರಿ, ಇಲ್ಲದಿದ್ದರೆ ಚಿಕ್ಕ ವೈನ್ ಗ್ಲಾಸು ಸಾಕು. ಅಗಲ ಬಾಯಿಯ ಟಂಬ್ಲರ್ ಬೇಡ, ವಾಸನೆ ನಿಲ್ಲುವುದಿಲ್ಲ. ಮೂರು ಗ್ಲಾಸೂ ಒಂದೇ ಆಕಾರದವಾಗಿರಲಿ, ಇದರಲ್ಲಿ ರಾಜಿ ಬೇಡ. ಗ್ಲಾಸನ್ನು ಬಿಸಿನೀರಲ್ಲಿ ತೊಳೆದು, ಬೋರಲು ಹಾಕದೆ ನೆಟ್ಟಗೆ ಒಣಗಿಸಿ. ಬೋರಲಿಟ್ಟರೆ ಕಪಾಟಿನ ಮರದ್ದೋ ಒರೆಸುವ ಬಟ್ಟೆಯದ್ದೋ ವಾಸನೆ ಒಳಗೆ ಕೂರುತ್ತದೆ. ಖಾಲಿ ಗ್ಲಾಸನ್ನು ಒಮ್ಮೆ ಮೂಸಿ ನೋಡಿ. ಏನಾದರೂ ವಾಸನೆ ಬಂದರೆ ಮತ್ತೆ ತೊಳೆಯಿರಿ.

ಪ್ರತಿ ಗ್ಲಾಸಿಗೆ 15 ಮಿಲಿ. ಔಷಧ ಅಂಗಡಿಯ ಸೂಜಿ ಇಲ್ಲದ ಸಿರಿಂಜ್‌ನಿಂದ ಅಳೆಯಿರಿ. ಮೂರೂ ಸೇರಿ 45 ಮಿಲಿ, ಅಂದರೆ ಸುಮಾರು 14 ಗ್ರಾಂ ಶುದ್ಧ ಆಲ್ಕೋಹಾಲ್. 60 ಮಿಲಿಯ ಲಾರ್ಜ್ ಪೆಗ್ ಮೂರು ಹಾಕಿಕೊಂಡು ಕೂತರೆ ಮೂರನೆಯದು ಯಾವಾಗಲೂ ಗೆಲ್ಲುತ್ತದೆ, ವಿಸ್ಕಿಯ ಗುಣದಿಂದಲ್ಲ. ಉಗುಳಿ ಸವಿದರೂ ಏನೂ ನಷ್ಟವಿಲ್ಲ, ಉಗುಳುವ ಮುನ್ನ ಒಂದೆರಡು ಹನಿ ಗಂಟಲಿಗೆ ಇಳಿದರೆ ಕೊನೆಯ ರುಚಿಗೆ ಅಷ್ಟು ಸಾಕು. ಏನೇ ಆದರೂ ಆಮೇಲೆ ಗಾಡಿ ಮುಟ್ಟಬೇಡಿ.

ಸುರಿದ ಮೇಲೆ ಹತ್ತು ನಿಮಿಷ ಬಿಡಿ, ಮೇಲೆ ಸಣ್ಣ ತಟ್ಟೆ ಮುಚ್ಚಿ. ವಿಸ್ಕಿ 20–22 ಡಿಗ್ರಿಯಲ್ಲಿದ್ದರೆ ಚೆನ್ನ. ಬೆಂಗಳೂರಿನ ಸಂಜೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಾದರೆ ಕೋಣೆಯ ಶಾಖಕ್ಕೆ ಆಲ್ಕೋಹಾಲೇ ಮೊದಲು ಎದ್ದು ಮೂಗಿಗೆ ಹೊಡೆಯುತ್ತದೆ. ಬಾಟಲಿಯನ್ನು ಹತ್ತು ಹದಿನೈದು ನಿಮಿಷ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಐಸ್ ಮಾತ್ರ ಬೇಡವೇ ಬೇಡ, ತಂಪಿಗೆ ಪರಿಮಳವೂ ಮುದುಡುತ್ತದೆ, ಜಿಡ್ಡೂ ತಿಳಿಯುವುದಿಲ್ಲ.

ಮೂಸುವಾಗ ವೈನ್ ಥರ ಗರಗರ ತಿರುಗಿಸಬೇಡಿ. ಗ್ಲಾಸನ್ನು ಗದ್ದದ ಮಟ್ಟದಿಂದ ನಿಧಾನ ಮೇಲೆ ತನ್ನಿ, ಬಾಯಿ ತುಸು ತೆರೆದಿರಲಿ, ಒಂದು ಸೆಕೆಂಡಿನ ಚಿಕ್ಕ ಉಸಿರು. ದೀರ್ಘವಾಗಿ ಎಳೆದರೆ ಮೂಗು ಮರಗಟ್ಟುತ್ತದೆ. ಎರಡು ಗ್ಲಾಸಿನ ನಡುವೆ ನಿಮ್ಮದೇ ಮೊಣಕೈಯ ಒಳಭಾಗ ಮೂಸಿ, ಮೂಗು ಮೊದಲಿನ ಸ್ಥಿತಿಗೆ ಬರುತ್ತದೆ. ಕಾಫಿ ಬೀಜ ಮೂಸುವ ಸಲಹೆ ಅಲ್ಲಲ್ಲಿ ಸಿಗುತ್ತದೆ; ನನಗೆ ಒಪ್ಪಿಗೆಯಿಲ್ಲ, ಅದು ಇನ್ನೊಂದು ಗಾಢ ವಾಸನೆಯನ್ನು ತಂದು ಹೇರುತ್ತದೆ ಅಷ್ಟೇ.

ಮೊದಲ ಗುಟುಕು ಎರಡು ಮಿಲಿಯಷ್ಟು, ಬಾಯಿಯನ್ನು ಒಗ್ಗಿಸಲು ಮಾತ್ರ. ಅದರ ಮೇಲೆ ತೀರ್ಪು ಕೊಡಬೇಡಿ. ಎರಡನೆಯ ಗುಟುಕನ್ನು ಎಂಟು ಹತ್ತು ಸೆಕೆಂಡು ನಾಲಿಗೆಯ ಮೇಲೆ ಹರಡಿ ಇಟ್ಟುಕೊಳ್ಳಿ. ಆಗ ಗಮನ ರುಚಿಯ ಮೇಲಲ್ಲ, ಮೊದಲು ತೂಕದ ಮೇಲೆ ಇರಲಿ: ನೀರಿನಷ್ಟು ತೆಳುವೋ, ಹಾಲಿನಷ್ಟು ದಪ್ಪವೋ? ನುಂಗಿ, ಮೂಗಿನಿಂದ ಉಸಿರು ಬಿಟ್ಟು, ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಮನಸ್ಸಿನಲ್ಲೇ ಎಣಿಸಿ.

ಜೋಡಿಗಳಿಗೆ ಬನ್ನಿ. ಮೊದಲು ಜೇಮ್ಸನ್, ಆಮೇಲೆ ರೆಡ್‌ಬ್ರೆಸ್ಟ್, ಮತ್ತೆ ಜೇಮ್ಸನ್. ಎರಡೂ ಕಾರ್ಕ್ ಕೌಂಟಿಯ ಮಿಡಲ್‌ಟನ್ ಬಟ್ಟಿಯವು. ಮೊದಲ ಸಲ ತುಂಬಿಕೊಂಡಂತೆ ಕಂಡ ಜೇಮ್ಸನ್, ರೆಡ್‌ಬ್ರೆಸ್ಟ್ ಆದ ಮೇಲೆ ತೆಳ್ಳಗಾಗಿ, ಸಿಹಿಯಾಗಿ, ವೆನಿಲ್ಲಾ ಎಸೆನ್ಸ್ ಮುಂದಾಗಿ ಕಾಣುತ್ತದೆ. ಆ ಸಿಹಿ ತೆಳುವು ಗ್ರೇನ್. ಅದರ ಅಡಿಯಲ್ಲಿ ಹಸಿ ಶುಂಠಿಯ ಒಂದು ಎಳೆ ಉಳಿಯುತ್ತದಲ್ಲ, ಅದು ಪಾಟ್ ಸ್ಟಿಲ್. ರೆಡ್‌ಬ್ರೆಸ್ಟ್‌ನಲ್ಲಿ ಅದೇ ಎಳೆ ಹಗ್ಗದಷ್ಟು ದಪ್ಪ.

ಆಮೇಲೆ ಬ್ಲ್ಯಾಕ್ ಬುಶ್ ಮತ್ತು ರೆಡ್‌ಬ್ರೆಸ್ಟ್. ಎರಡರಲ್ಲೂ ಒಣದ್ರಾಕ್ಷಿ, ಖರ್ಜೂರ, ಅಕ್ರೋಟಿನ ಸಿಪ್ಪೆಯ ತುಸು ಒಗರು ಸಿಗಬೇಕು, ಅದು ಶೆರ್ರಿ ಪೀಪಾಯಿಯ ಗುರುತು. ಬ್ಲ್ಯಾಕ್ ಬುಶ್‌ನಲ್ಲಿ ಆ ಹಣ್ಣು ಬಿಸ್ಕತ್ತಿನಂಥ ಮಾಲ್ಟಿನ ಮೇಲೆ ಕೂತಿರುತ್ತದೆ, ಖಾರ ಕಡಿಮೆ, ಬೇಗ ಮುಗಿಯುತ್ತದೆ. ರೆಡ್‌ಬ್ರೆಸ್ಟ್‌ನಲ್ಲಿ ಅದರ ಜೊತೆ ಜಿಡ್ಡು ಮತ್ತು ಮಸಾಲೆ. ಬೆಲೆಗೆ ಹೋಲಿಸಿದರೆ ಬ್ಲ್ಯಾಕ್ ಬುಶ್ ಕೊಡುವುದು ಬಹಳ, ಇದು ನನ್ನ ಅಭಿಪ್ರಾಯ. ಜೇಮ್ಸನ್–ಬ್ಲ್ಯಾಕ್ ಬುಶ್ ಜೋಡಿ ಮೂರರಲ್ಲಿ ಸುಲಭದ್ದು, ಮೂಗಿನಲ್ಲೇ ಮುಗಿದುಹೋಗುತ್ತದೆ.

ಬೇರೆಯವರ ಟಿಪ್ಪಣಿಯಲ್ಲಿರುವ ಗೂಸ್‌ಬೆರಿ, ಮಾರ್ಜಿಪಾನ್ ನಿಮ್ಮ ಗ್ಲಾಸಿನಲ್ಲಿ ಕಾಣದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ತಿಂದು ಗೊತ್ತಿರುವ ವಸ್ತುವಿನ ಹೆಸರನ್ನೇ ಬರೆಯಿರಿ: ಕಳಿತ ಏಲಕ್ಕಿ ಬಾಳೆ, ಕೊಬ್ಬರಿ, ಜೋನಿಬೆಲ್ಲ, ಅಗಸೆ ಎಣ್ಣೆ. ಬಾಳೆಯ ವಾಸನೆ ಬಂದರೆ ಅದು ಭ್ರಮೆಯೂ ಅಲ್ಲ. ಯೀಸ್ಟ್ ಹುದುಗಿಸುವಾಗ ಹುಟ್ಟುವ ಎಸ್ಟರ್ ಎಂಬ ಪರಿಮಳದ ವಸ್ತುಗಳಲ್ಲಿ ಒಂದು ಬಾಳೆಹಣ್ಣಿನಲ್ಲೂ ಇದೆ. ಕೊಬ್ಬರಿಯ ಪರಿಮಳ ಅಮೆರಿಕನ್ ಓಕ್ ಮರದ್ದು.

ಎರಡನೆಯ ಸುತ್ತಿಗೆ ನೀರು. 15 ಮಿಲಿಗೆ 5 ಮಿಲಿ ನೀರು ಸೇರಿಸಿದರೆ 40% ಇದ್ದದ್ದು 30% ಆಗುತ್ತದೆ. ಮೂಗಿಗಷ್ಟೇ ಪರೀಕ್ಷಿಸುವುದಾದರೆ ಸಮಸಮ ನೀರು ಬೆರೆಸಿ 20%ಗೆ ಇಳಿಸಿ. ವಿಸ್ಕಿ ಬೆರೆಸುವ ಕಸುಬುದಾರರು ಮೂಸುವುದು ಹೆಚ್ಚುಕಡಿಮೆ ಆ ಮಟ್ಟದಲ್ಲೇ, ದೋಷಗಳೂ ಆಗಲೇ ಹೊರಬೀಳುವುದು. ಆದರೆ ಆ ಮಟ್ಟದಲ್ಲಿ ಕುಡಿದು ಬಾಯಿಯ ತೂಕ ಅಳೆಯಬೇಡಿ, ಎಲ್ಲವೂ ತೆಳುವೇ. ನೀರು ಕ್ಲೋರಿನ್ ವಾಸನೆಯ ನಲ್ಲಿಯದ್ದಾಗಲಿ, ಗಡಸು ಬೋರ್‌ವೆಲ್‌ನದ್ದಾಗಲಿ ಬೇಡ. ಮನೆಯ ಆರ್‌ಒ ನೀರು ನಡೆಯುತ್ತದೆ. ಅಳತೆ ಮೂರಕ್ಕೂ ಒಂದೇ ಇರಲಿ.

ಇಷ್ಟೆಲ್ಲ ಮಾಡಿದ ಮೇಲೂ ಲೇಬಲ್ ನೋಡಿ ನಾಲಿಗೆ ಮೋಸ ಹೋಗುತ್ತದೆ, ದುಬಾರಿ ಬಾಟಲಿಯಲ್ಲಿ ಇಲ್ಲದ್ದೆಲ್ಲ ಸಿಗುತ್ತದೆ. ಅದಕ್ಕೆ ತ್ರಿಕೋನ ಪರೀಕ್ಷೆ: ಮನೆಯವರೊಬ್ಬರಿಗೆ ಹೇಳಿ, ಮೂರು ಗ್ಲಾಸಿನಲ್ಲಿ ಎರಡಕ್ಕೆ ಒಂದೇ ವಿಸ್ಕಿ, ಒಂದಕ್ಕೆ ಬೇರೆಯದನ್ನು ಹಾಕಿಸಿ, ತಳಕ್ಕೆ ಗುರುತು ಅಂಟಿಸಿಸಿ. ಬೇರೆಯದು ಯಾವುದು ಎಂದು ಹೇಳಬೇಕು, ಅಷ್ಟೇ. ಊಹೆಯಲ್ಲೇ ಸರಿಯಾಗುವ ಸಾಧ್ಯತೆ ಮೂರರಲ್ಲಿ ಒಂದು, ಹಾಗಾಗಿ ಒಮ್ಮೆ ಗೆದ್ದರೆ ಲೆಕ್ಕಕ್ಕಿಲ್ಲ; ಬೇರೆ ಬೇರೆ ದಿನ ನಾಲ್ಕೈದು ಸಲ ಮಾಡಿ. ಇಲ್ಲಿ ಗ್ಲಾಸಿಗೆ 10 ಮಿಲಿ ಸಾಕು. ಬಣ್ಣ ಸುಳಿವು ಕೊಡದಂತೆ ಬೆಳಕು ಮಂದ ಮಾಡಿ. ಅಂದಹಾಗೆ ಬಣ್ಣವನ್ನು ಎಂದೂ ನಂಬಬೇಡಿ, ಐರಿಶ್ ವಿಸ್ಕಿಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನಲ್ಲಿ ಅನುಮತಿ ಇದೆ.

ಎಡವುವುದು ಬಹುಪಾಲು ವಿಸ್ಕಿಯಿಂದಾಚೆ. ಖಾರದ ಊಟ ಮಾಡಿ ಕೂತರೆ ಎಲ್ಲವೂ ಬರೀ ಉರಿ: ಮೆಣಸಿನಕಾಯಿಯ ಖಾರವನ್ನು ಗ್ರಹಿಸುವ ನರತುದಿಗಳನ್ನೇ ಆಲ್ಕೋಹಾಲೂ ಕೆರಳಿಸುತ್ತದೆ. ಊಟಕ್ಕೆ ಮುಂಚೆ, ಆದರೆ ಪೂರ್ತಿ ಹಸಿದ ಹೊಟ್ಟೆಯಲ್ಲಲ್ಲ, ಎರಡು ತುಂಡು ಸಪ್ಪೆ ಬ್ರೆಡ್ಡೋ ಅರ್ಧ ಚಪಾತಿಯೋ ತಿಂದು ಶುರುಮಾಡಿ. ದೇವರ ಮುಂದೆ ಊದುಬತ್ತಿ ಹಚ್ಚಿದ ಒಂದು ಗಂಟೆಯೊಳಗೆ ಬೇಡ. ಪರಿಮಳದ ಹ್ಯಾಂಡ್‌ವಾಶ್ ಕೂಡ ಹಾಳುಮಾಡುತ್ತದೆ, ಗ್ಲಾಸು ಹಿಡಿದ ಕೈ ಮೂಗಿನ ಪಕ್ಕದಲ್ಲೇ ಇರುತ್ತದಲ್ಲ. ನೆಂಚಿಕೊಳ್ಳಲು ಖಾರದ ಕಡಲೆಬೀಜ, ಚಕ್ಕುಲಿ ಎಲ್ಲ ಮುಗಿದ ಮೇಲೆ.

ಬೆಂಗಳೂರಿನದೇ ವಿಸ್ಕಿ ಅಮೃತ್ ಕುಡಿದು ರೂಢಿಯಿದ್ದವರಿಗೆ ಇನ್ನೊಂದು ಮಾತು. ಐರ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾದರೆ ಬೆಂಗಳೂರಿನಲ್ಲಿ 10–12%. ಇಲ್ಲಿ ಮರದ ರುಚಿ ನಾಲ್ಕೈದು ವರ್ಷಕ್ಕೇ ಗಾಢವಾಗಿ ಇಳಿಯುತ್ತದೆ. ಮೇಲಾಗಿ ಅಮೃತ್ ಸಿಂಗಲ್ ಮಾಲ್ಟ್ 46%. ಅದರ ಪಕ್ಕದಲ್ಲಿ 40%ನ ಐರಿಶ್ ಇಟ್ಟರೆ ಸಪ್ಪೆ ಅನ್ನಿಸುವುದು ಖಚಿತ. ಹೋಲಿಸಲೇಬೇಕಾದರೆ 15 ಮಿಲಿ ಅಮೃತ್‌ಗೆ 2.25 ಮಿಲಿ ನೀರು ಹಾಕಿ 40%ಗೆ ತಂದು ಹೋಲಿಸಿ. ಪೀಟ್ ಇರುವ ಅಮೃತ್ ಫ್ಯೂಶನ್ ಆದರೆ ಕೊನೆಗೇ ಇರಲಿ, ಹೊಗೆ ಬಾಯಿಗೆ ಬಂದ ಮೇಲೆ ಹಗುರ ವಿಸ್ಕಿ ಯಾವುದೂ ತಿಳಿಯುವುದಿಲ್ಲ.

ನಾಲ್ಕನೆಯ ಬಾಟಲಿ ಯಾವುದು ಅಂದರೆ, ನಾನು ಬುಶ್‌ಮಿಲ್ಸ್ 10 ಹೇಳುತ್ತೇನೆ. ಗ್ರೇನ್ ಇಲ್ಲದ ಶುದ್ಧ ಮಾಲ್ಟ್, ಬಹುಪಾಲು ಬರ್ಬನ್ ಪೀಪಾಯಿಯದ್ದು. ಬ್ಲ್ಯಾಕ್ ಬುಶ್ ಪಕ್ಕದಲ್ಲಿಟ್ಟರೆ ಅದೇ ಬಟ್ಟಿಯ ಮಾಲ್ಟಿಗೆ ಶೆರ್ರಿ ಮತ್ತು ಗ್ರೇನ್ ಏನು ಮಾಡಿವೆ ಎಂದು ಕಾಣುತ್ತದೆ. ಬುಶ್‌ಮಿಲ್ಸ್ 16 ರುಚಿಯಲ್ಲಿ ಮೇಲೇ, ಆದರೆ ಬರ್ಬನ್, ಶೆರ್ರಿ, ಕೊನೆಗೆ ಪೋರ್ಟ್ ವೈನ್ ಎಂದು ಮೂರು ಪೀಪಾಯಿ ಕಲೆತಿರುವುದರಿಂದ ಕಲಿಯಲು ತೊಡಕು. ಪಾಟ್ ಸ್ಟಿಲ್ ಮನಸ್ಸಿಗೆ ಹಿಡಿದರೆ 46%ನ ಪವರ್ಸ್ ಜಾನ್ಸ್ ಲೇನ್ 12 ಹುಡುಕಿ. ಐರಿಶ್ ಎಂದರೆ ಮೂರು ಸಲ ಬಟ್ಟಿ, ಹೊಗೆ ಇಲ್ಲ ಎಂಬ ನಂಬಿಕೆ ಮುರಿಯಬೇಕೆಂದರೆ ಕೊನೆಮಾರಾ: ಎರಡೇ ಸಲ ಬಟ್ಟಿ, ಪೀಟ್ ಹೊಗೆ. ಕಾನೂನು ಕೇಳುವುದು ಐರ್ಲೆಂಡ್ ದ್ವೀಪದಲ್ಲಿ ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಮಾಗಿರಬೇಕು ಎಂಬಂಥ ಷರತ್ತುಗಳನ್ನು. ಎಷ್ಟು ಸಲ ಬಟ್ಟಿ ಇಳಿಸಬೇಕು ಎಂದಲ್ಲ.

ಬಾಟಲಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಉಳಿದರೆ ಗಾಳಿ ತಾಗಿ ಕೆಲವು ತಿಂಗಳಲ್ಲಿ ಪರಿಮಳ ಮಂಕಾಗುತ್ತದೆ. ಅರ್ಧ ಖಾಲಿಯಾದಾಗಲೇ ಪ್ರತಿಯೊಂದರಿಂದ 50 ಮಿಲಿ ತೆಗೆದು, ಅಂಚಿನವರೆಗೆ ತುಂಬುವಂಥ ಚಿಕ್ಕ ಗಾಜಿನ ಸೀಸೆಗಳಲ್ಲಿ ಹೆಸರು ಬರೆದು ಕತ್ತಲಲ್ಲಿಡಿ. ಮುಂದೆ ಹೊಸ ಬಾಟಲಿ ಬಂದಾಗ ಪಕ್ಕದಲ್ಲಿಟ್ಟು ನೋಡಲು ಬೇಕಾಗುತ್ತವೆ.